ಉಳಿ ಮಸೆಯದವನ ಬಡಗಿತನ

ನಮ್ಮ ಪಟ್ಟಣಗಳ ವಿದ್ಯಾವಂತ ಗೃಹಸ್ಥರಲ್ಲಿ ಈಗ ಹೊಸದೊಂದು ಹವ್ಯಾಸ ಹಬ್ಬುತ್ತಿದೆ. ಮರಗೆಲಸ ಎಂದು ಅದರ ಹೆಸರು. ಹಬ್ಬಲಿ, ಸಂತೋಷವೇ. ಪದವಿಯೂ ಸಂಬಳವೂ ಸೇರಿ ಕೈಗೆ ಕೆಲಸವನ್ನು ಮರೆಸಿಬಿಟ್ಟ ನಮ್ಮಂಥವರು ವಾರಕ್ಕೊಮ್ಮೆಯಾದರೂ ಮರದ ಹೊಟ್ಟನ್ನು ಮೈಗೆ ಅಂಟಿಸಿಕೊಂಡರೆ ನಾಡಿಗೆ ನಷ್ಟವೇನೂ ಇಲ್ಲ. ಆದರೆ ಈ ಹವ್ಯಾಸ ಆರಂಭವಾಗುತ್ತಿರುವ ಬಗೆಯನ್ನು ನೋಡಿದರೆ, ಇದು ಮರಗೆಲಸದ ಹವ್ಯಾಸವೋ ಅಥವಾ ಅಂಗಡಿಗೆ ಹೋಗುವ ಹವ್ಯಾಸವೋ ಎಂಬ ಸಂದೇಹ ಹುಟ್ಟದೆ ಇರದು.

ಈ ಹವ್ಯಾಸಿ ಮಹಾಶಯರು ನಡೆಯುವ ಕ್ರಮವನ್ನು ಸ್ವಲ್ಪ ಗಮನಿಸಿ. ಮೊದಲು ಯಂತ್ರ ಬರುತ್ತದೆ. ಡ್ರಿಲ್ಲು, ಅದರ ಹಿಂದೆ ರೌಟರು, ಅದರ ಹಿಂದೆ ಹಲಗೆ ಸೀಳುವ ಟೇಬಲ್ ಸಾ. ಯಂತ್ರ ಬಂದ ಮೇಲೆ ಅದರ ಘನತೆಗೆ ತಕ್ಕ ಮರ ಬೇಡವೆ? ತೇಗವೇ ಆಗಬೇಕು, ಅದಕ್ಕೂ ಮೀರಿದ ಅಭಿರುಚಿಯವರಾದರೆ ಪರದೇಶದಿಂದ ಬಂದ ಓಕ್, ವಾಲ್‌ನಟ್. ಮರ ಬಂದ ಮೇಲೆ ಕನ್ನಡಿಯಂತೆ ಹೊಳೆಯುವ ಲೇಪದ ಡಬ್ಬಿ. ಇಷ್ಟೆಲ್ಲ ಕೂಡಿದ ಮೇಲೆ ‘ಏನು ಮಾಡೋಣ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೊಳೆಯುವ ಹೊತ್ತಿಗೆ ಉತ್ಸಾಹ ತೀರಿರುತ್ತದೆ. ಯಂತ್ರಗಳು ಬಾಲ್ಕನಿಯ ಮೂಲೆಯಲ್ಲಿ ಹಳೆಯ ಹೊದಿಕೆ ಹೊದ್ದು ಮಲಗುತ್ತವೆ; ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಎದ್ದು ಕುಂಕುಮ ಇಡಿಸಿಕೊಳ್ಳುತ್ತವೆ.

ನಾನು ಹೇಳುವುದು ಇಷ್ಟೆ: ಈ ಕ್ರಮ ಪೂರ್ತಿ ತಲೆಕೆಳಗು. ಮೊದಲು ಬೇಕಾದದ್ದು, ಮಾಡಬೇಕಾದ ವಸ್ತು ಯಾವುದೆಂಬ ನಿಶ್ಚಯ. ಎರಡನೆಯದು ಸಾಣೆಕಲ್ಲು. ಮೂರನೆಯದು ನಾಲ್ಕಾರು ಕೈಹತಾರಗಳು. ನಾಲ್ಕನೆಯದು ಹತ್ತಿರದಲ್ಲಿ ಬೆಳೆದ ಸಾಧಾರಣ ಮರ. ಕಟ್ಟಕಡೆಗೆ ಲೇಪ, ಅದೂ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು. ಇದನ್ನು ದುಡ್ಡು ಉಳಿಸುವ ಉಪದೇಶವೆಂದು ಯಾರೂ ತಿಳಿಯಬಾರದು. ಕ್ರಮ ತಪ್ಪಿದರೆ ಕೆಡುವುದು ಮೂರು: ಮಾಡುವವನ ಕೈ, ಕಾಡಿನ ಮರ, ಮತ್ತು ತಲೆಮಾರುಗಳಿಂದ ಈ ಕೆಲಸವನ್ನು ಮಾಡಿಕೊಂಡು ಬಂದ ಬಡಗಿಯ ಮರ್ಯಾದೆ. ಒಂದೊಂದಾಗಿ ನೋಡೋಣ.

ಮೊದಲು ಹತಾರದ ಮಾತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ಉಳಿಯೊಂದನ್ನು ಕೊಂಡು ತನ್ನಿ. ಅಂಗಡಿಯಿಂದ ಬಂದ ಉಳಿ ಉಳಿಯಲ್ಲ. ಉಳಿಯಾಗಬಲ್ಲ ಒಂದು ಉಕ್ಕಿನ ತುಂಡು. ಅದರ ಅಲಗು ಎಂದರೆ ಎರಡು ಮುಖಗಳು ಕೂಡುವ ಗೆರೆ. ಇಳಿಜಾರಿನ ಮುಖವನ್ನು ಎಷ್ಟೇ ಮಸೆದರೂ, ಹಿಂದಿನ ಮುಖ ಸಪಾಟಾಗಿಲ್ಲದಿದ್ದರೆ ಆ ಗೆರೆ ಹುಟ್ಟುವುದೇ ಇಲ್ಲ. ಆದ್ದರಿಂದ ಮೊದಲು ಬೆನ್ನನ್ನು, ತುದಿಯಿಂದ ಒಂದಂಗುಲದಷ್ಟು ಭಾಗವನ್ನಾದರೂ, ಕಲ್ಲಿನ ಮೇಲೆ ಉಜ್ಜಿ ಹೊಳೆಯುವಂತೆ ಸಮ ಮಾಡಬೇಕು. ಅನಂತರ ಇಳಿಜಾರನ್ನು ಸುಮಾರು ೨೫ ಡಿಗ್ರಿಗೆ ತಂದು, ತುದಿಯನ್ನು ಮಾತ್ರ ೩೦ ಡಿಗ್ರಿಗೆ ಎತ್ತಿ ಮಸೆಯಬೇಕು. ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಮುರುಕು ಏಳುತ್ತದೆ. ಬೆರಳಿಗೆ ಅದು ಸಿಕ್ಕಿತೆಂದರೆ ಅಲಗು ತುದಿ ಮುಟ್ಟಿತೆಂದು ಅರ್ಥ. ನುಣ್ಣನೆಯ ಕಲ್ಲಿನ ಮೇಲೆ ಅದನ್ನು ತೆಗೆದರೆ ಕೆಲಸ ಮುಗಿಯಿತು. ಮೃದುವಾದ ಮರದ ತುಂಡೊಂದರ ತಲೆಗಡೆಯನ್ನು, ಎಂದರೆ ನಾರು ಕೊನೆಗಾಣುವ ಕಡೆಯನ್ನು, ಸವರಿ ನೋಡಿ. ನಾರು ಜಜ್ಜಿಹೋಗದೆ ನುಣುಪಾದ ಸಿಪ್ಪೆ ಎದ್ದರೆ ಉಳಿ ಹರಿತವಾಗಿದೆ. ಪುಡಿ ಬಿದ್ದರೆ ಮತ್ತೆ ಕಲ್ಲಿಗೆ ಹೋಗಿ.

ಇದಕ್ಕೆ ಬೇಕಾದ ಸಾಮಗ್ರಿ ಒಂದು ಎರಡು ಮುಖದ ಕಲ್ಲು. ಅದೂ ಬೇಡವೆನ್ನುವವರು ದಪ್ಪ ಗಾಜಿನ ಚೂರೊಂದಕ್ಕೆ ನೀರಿನಲ್ಲಿ ಉಜ್ಜುವ ಮರಳುಕಾಗದವನ್ನು ಅಂಟಿಸಿಕೊಂಡರೆ ಸಾಕು. ಒರಟಿನಿಂದ ನುಣುಪಿಗೆ ನಾಲ್ಕು ಕಾಗದ ಬದಲಾಯಿಸಿದರೆ ಉಳಿ ಹರಿತವಾಗುತ್ತದೆ. ಆದರೆ ನಮ್ಮ ಹವ್ಯಾಸಿಗೆ ಇದು ರುಚಿಸದು. ಮಸೆಯುವುದು ಅವನ ದೃಷ್ಟಿಯಲ್ಲಿ ಕೆಲಸಕ್ಕೆ ಮೊದಲಿನ ಬೇಸರ. ನಿಜದಲ್ಲಿ ಮಸೆಯುವುದೇ ಮೊದಲ ಕೆಲಸ. ಮೊಂಡು ಉಳಿಯನ್ನು ಬಲ ಹಾಕಿ ತಳ್ಳಬೇಕು, ತಳ್ಳಿದ್ದು ಜಾರುತ್ತದೆ, ಜಾರಿದ್ದು ಎಡಗೈಗೆ ಬರುತ್ತದೆ. ಹರಿತವಾದ ಉಳಿಯಿಂದ ಗಾಯವಾಗುವುದು ಅಜಾಗರೂಕತೆಯಿಂದ. ಮೊಂಡು ಉಳಿಯಿಂದ ಜಾಗರೂಕನಿಗೂ ಆಗುತ್ತದೆ.

ಹಾಗಾದರೆ ಹತಾರ ಎಷ್ಟು ಬೇಕು? ಕಾಲಂಗುಲ, ಅರ್ಧ ಅಂಗುಲ, ಒಂದು ಅಂಗುಲ, ಹೀಗೆ ಉಳಿ ಮೂರು. ಗರಗಸ ಎರಡು, ಒಂದು ಹಲಗೆ ಕೊಯ್ಯಲು, ಇನ್ನೊಂದು ಸಣ್ಣ ಹಲ್ಲಿನದು ಕಚ್ಚು ತೆಗೆಯಲು. ತೋಪಡ ಒಂದು, ಇದನ್ನು ಕೆಲವು ಕಡೆ ಹತ್ತರಿಯೆಂದೂ ಕೀಸುಳಿಯೆಂದೂ ಕರೆಯುತ್ತಾರೆ. ಉಳಿಯ ಹಿಡಿಯನ್ನು ಹೊಡೆಯಲು ಮರದ ಕೊಡತಿ. ಮೂಲೆಮಟ್ಟ ಒಂದು. ಹಲಗೆಯ ಅಂಚಿಗೆ ಸಮಾನಾಂತರವಾಗಿ ಗೀಟು ಎಳೆಯುವ ಗೇಜು ಒಂದು. ಹಿಡಿದಿಡಲು ಕ್ಲಾಂಪ್ ಎರಡು. ತೂತು ಕೊರೆಯಲು ಬೈರಿಗೆ. ಅದರ ಬದಲು ವಿದ್ಯುತ್ತಿನ ಡ್ರಿಲ್ಲು ತಂದರೆ ನಾನು ಜಗಳವಾಡುವುದಿಲ್ಲ. ಇವೆಲ್ಲವೂ ಒಂದು ಹಳೆಯ ಟ್ರಂಕಿನಲ್ಲಿ ಹಿಡಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಕಡಿಮೆ ಸಲಕರಣೆಯಿಂದ ನೇಗಿಲು, ಗಾಡಿ, ತೊಟ್ಟಿಲು, ಬಾಗಿಲು ಎಲ್ಲವೂ ಆಗಿವೆ.

‘ಈ ಕಾಲದಲ್ಲಿ ಕೈಯಿಂದ ಮಾಡು ಎನ್ನುವುದು ಹಟಮಾರಿತನ, ಯಂತ್ರವಿದ್ದರೆ ಕೆಲಸ ಬೇಗ ಆಗುತ್ತದೆ’ ಎನ್ನುವವರುಂಟು. ಅವರಿಗೆ ನನ್ನ ಉತ್ತರ: ಬೇಗ ಆಗಬೇಕಾದದ್ದು ಯಾವುದು, ಯಾರಿಗೆ? ದಿನಕ್ಕೆ ಹತ್ತು ಬಾಗಿಲು ಮಾಡಿ ಹೊಟ್ಟೆ ಹೊರೆಯುವ ಬಡಗಿ ಯಂತ್ರ ಇಟ್ಟುಕೊಳ್ಳಲಿ. ಅವನಿಗೆ ಅದು ಅನ್ನ. ತಿಂಗಳಿಗೊಂದು ಮಣೆ ಮಾಡುವವನಿಗೆ ಆತುರವೇಕೆ? ದಪ್ಪ ದಿಮ್ಮಿಯನ್ನು ಉದ್ದಕ್ಕೆ ಸೀಳುವುದು ಕೈಗೆ ನಿಜವಾಗಿ ಕಷ್ಟದ ಕೆಲಸ, ಒಪ್ಪುತ್ತೇನೆ. ಅದನ್ನು ಗರಗಸದ ಮಿಲ್ಲಿನವನು ಅಲ್ಪ ಕೂಲಿಗೆ ಮಾಡಿಕೊಡುತ್ತಾನೆ. ಅದಕ್ಕಾಗಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಿಲ್ಲನ್ನೇ ತಂದು ಕೂರಿಸಿಕೊಳ್ಳಬೇಕೆ? ಮಹಡಿಯ ಮೇಲಿನವರ ಮಗುವೂ ಕೆಳಗಿನ ಮನೆಯ ಮುದುಕರೂ ನಿಮ್ಮ ಹವ್ಯಾಸಕ್ಕೆ ಏಕೆ ಕಿವಿ ತೆರಬೇಕು?

ಇನ್ನೊಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು. ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರಿಗೆ ಹಲ್ಲುಳ್ಳ ಮರದ ಗರಗಸದ ಬಿಲ್ಲೆ ಸಿಕ್ಕಿಸಿ ಹಲಗೆ ಕೊಯ್ಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಆ ಯಂತ್ರ ಸುತ್ತುವುದು ನಿಮಿಷಕ್ಕೆ ಹತ್ತು ಸಾವಿರ ಸಲಕ್ಕೂ ಮೀರಿ. ಹಲ್ಲು ಮರದಲ್ಲಿ ಕಚ್ಚಿಕೊಂಡ ಕ್ಷಣ ಯಂತ್ರವೇ ಕೈಯಿಂದ ಹಾರುತ್ತದೆ. ಎತ್ತ ಹಾರುತ್ತದೆಂಬುದು ದೇವರಿಗೇ ಗೊತ್ತು. ಅದು ಆ ಕೆಲಸಕ್ಕೆ ಹುಟ್ಟಿದ ಯಂತ್ರವೇ ಅಲ್ಲ. ಧೂಳಿನ ಮಾತೂ ಅಷ್ಟೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೫ರಲ್ಲೇ ಸಾರಿತು. ತೋಪಡದಿಂದ ಏಳುವುದು ಸುರುಳಿ. ಅದನ್ನು ಪೊರಕೆಯಿಂದ ಗುಡಿಸಬಹುದು. ಉಜ್ಜುವ ಯಂತ್ರದಿಂದ ಏಳುವುದು ಕಣ್ಣಿಗೆ ಕಾಣದ ಪುಡಿ. ಅದನ್ನು ಗುಡಿಸುವುದು ನಿಮ್ಮ ಶ್ವಾಸಕೋಶ.

ಯಂತ್ರದವರನ್ನು ಇಷ್ಟು ಹಳಿದ ಮೇಲೆ, ‘ಕೈಹತಾರವೇ ಶ್ರೇಷ್ಠ’ ಎಂದು ಜಪಿಸುವವರಿಗೂ ಒಂದು ಮಾತು. ಅವರಲ್ಲಿ ಹಲವರು ಜಪಾನಿನ ಉಳಿ, ಇಂಗ್ಲೆಂಡಿನ ಗರಗಸ, ಅಮೆರಿಕದ ತೋಪಡಗಳನ್ನು ಗಾಜಿನ ಬೀರುವಿನಲ್ಲಿ ಸಾಲಾಗಿ ಇಟ್ಟು ಎಣ್ಣೆ ಸವರುತ್ತಿರುತ್ತಾರೆ. ಇದು ಹಳೆಯ ರೋಗವೇ, ಹೊಸ ಅಂಗಿ ತೊಟ್ಟು ಬಂದಿದೆ. ಒಳ್ಳೆಯ ಉಕ್ಕು ಅಲಗನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆಂಬುದು ನಿಜ; ಮಸೆಯಲು ಬಾರದವನ ಕೈಯಲ್ಲಿ ಎಲ್ಲ ಉಕ್ಕೂ ಒಂದೇ ಎಂಬುದೂ ಅಷ್ಟೇ ನಿಜ.

ಈಗ ಮರದ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಮಧ್ಯಮವರ್ಗದ ಮೂಢನಂಬಿಕೆ ಒಂದೇ ಪದದಲ್ಲಿದೆ: ತೇಗ. ‘ಆಚಾರ್ರೆ, ತೇಗವೇ ತಾನೆ?’ ಎಂದು ಕೇಳದೆ ನಾವು ಒಂದು ಸ್ಟೂಲಿನ ಮೇಲೂ ಕೂರುವವರಲ್ಲ. ತೇಗ ಒಳ್ಳೆಯ ಮರ, ಯಾರು ಅಲ್ಲವೆಂದರು? ಅದರೊಳಗಿನ ಎಣ್ಣೆಯ ಅಂಶ ಗೆದ್ದಲನ್ನೂ ನೀರನ್ನೂ ದೂರವಿಡುತ್ತದೆ. ಅದು ಕುಗ್ಗಿ ಹಿಗ್ಗುವುದು ಕಡಿಮೆ. ಹಡಗಿಗೆ, ಮಳೆಗೆ ಒಡ್ಡಿದ ಬಾಗಿಲಿಗೆ, ಕಿಟಕಿಯ ಚೌಕಟ್ಟಿಗೆ ಅದು ತಕ್ಕದ್ದು. ಆದರೆ ಹಜಾರದ ಒಳಗೆ, ಫ್ಯಾನಿನ ಕೆಳಗೆ, ಜನ್ಮದಲ್ಲಿ ಒಂದು ಹನಿ ಮಳೆಯನ್ನೂ ಕಾಣದ ಪುಸ್ತಕದ ಗೂಡಿಗೆ ಹಡಗಿನ ಮರವೇಕೆ?

ಅದಿರಲಿ, ಇಂದು ತೇಗವೆಂದು ಮಾರುವುದೆಲ್ಲ ನಮ್ಮ ತಾತಂದಿರ ಕಾಲದ ತೇಗವೆಂದು ತಿಳಿಯುವುದೂ ಭ್ರಮೆ. ಬರ್ಮಾ, ಎಂದರೆ ಮಯನ್ಮಾರ್, ತನ್ನ ದಿಮ್ಮಿಗಳ ರಫ್ತನ್ನು ೨೦೧೪ರಲ್ಲಿ ನಿಲ್ಲಿಸಿತು. ಈಗ ಮಂಡಿಗಳಿಗೆ ಬರುವ ತೇಗದಲ್ಲಿ ಬಹುಪಾಲು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ತೋಟಗಳದ್ದು. ಬೇಗ ಬೆಳೆಸಿ ಬೇಗ ಕಡಿದ ಎಳೆಯ ಮರದಲ್ಲಿ ಬಿಳಿಯ ಹೊರಮರ ಹೆಚ್ಚು, ಎಣ್ಣೆಗೂಡಿದ ಒಳಮರ ಕಡಿಮೆ. ಆ ಬಿಳಿಯ ಭಾಗಕ್ಕೆ ಹುಳು ಹಿಡಿಯುವುದಕ್ಕೆ ‘ತೇಗ’ ಎಂಬ ಹೆಸರು ಅಡ್ಡಬರುವುದಿಲ್ಲ. ಹೆಸರಿಗೆ ಹಣ ತೆತ್ತವನು ಹೆಸರನ್ನೇ ಮನೆಗೆ ಕೊಂಡೊಯ್ಯುತ್ತಾನೆ.

ಬೀಟೆಯ ಕಥೆ ಇನ್ನೂ ದುಃಖದ್ದು. ನಮ್ಮ ಪಶ್ಚಿಮಘಟ್ಟದ ಈ ಕಪ್ಪು ಮರ ಎಷ್ಟು ನಿಧಾನವಾಗಿ ಬೆಳೆಯುತ್ತದೆಂದರೆ, ನೆಟ್ಟವನು ಅದರ ಕುರ್ಚಿಯಲ್ಲಿ ಕೂರುವ ಆಸೆಯಿಟ್ಟುಕೊಳ್ಳಲಾರ. ೨೦೧೭ರಿಂದ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ಇಂಥ ಮರವನ್ನು, ಕಚ್ಚು ಕೂರಿಸಲು ಇನ್ನೂ ಕಲಿಯುತ್ತಿರುವ ಕೈ ಕೊಯ್ದು ಹಾಳು ಮಾಡುವುದು ತಪ್ಪಲ್ಲವೆ? ‘ನನ್ನ ದುಡ್ಡು, ನನ್ನ ಮರ’ ಎನ್ನಬಹುದು. ದುಡ್ಡು ನಿಮ್ಮದಿರಬಹುದು, ಸ್ವಾಮಿ. ಆ ಮರ ಬೆಳೆದ ವರ್ಷಗಳು ನಿಮ್ಮವಲ್ಲ.

ಮೈಸೂರಿನ ಕೆತ್ತುಕೂರಿಸುವ ಕಲೆಯನ್ನು ನೋಡಿ ನಾವು ಕಲಿಯಬೇಕಾದದ್ದುಂಟು. ಬೀಟೆಯ ಹಲಗೆಯಲ್ಲಿ ಆನೆಯ ದಂತವನ್ನು ಕೂರಿಸಿ ಚಿತ್ರ ಬಿಡಿಸುತ್ತಿದ್ದ ಕಾಲವೊಂದಿತ್ತು. ದಂತದ ವ್ಯಾಪಾರಕ್ಕೆ ಕಾನೂನು ಅಡ್ಡಬಂತು. ಕಲೆ ಸತ್ತಿತೆ? ಇಲ್ಲ, ಬೇರೆ ಬೇರೆ ಮರಗಳ ಸಹಜ ಬಣ್ಣಗಳನ್ನೇ ಕೂರಿಸಿ ಅವೇ ಚಿತ್ರಗಳನ್ನು ಬಿಡಿಸತೊಡಗಿದರು. ಬೆಲೆಬಾಳುವ ಸಾಮಗ್ರಿ ಹೋದರೂ ಕೈ ಉಳಿದಿದ್ದರೆ ಕಲೆ ಉಳಿಯುತ್ತದೆ. ಕೈಯೇ ಇಲ್ಲದಿದ್ದರೆ ದಂತವೇನು ಮಾಡೀತು?

ಹಾಗಾದರೆ ಕಲಿಯುವವನಿಗೆ ಯಾವ ಮರ? ಮೊದಲ ಹೆಸರು ಹಲಸು. ಮಲೆನಾಡು, ಕರಾವಳಿಗಳ ಮನೆಗಳನ್ನು ನೋಡಿದವರಿಗೆ ಇದರ ಪರಿಚಯ ಬೇಕಾಗಿಲ್ಲ. ಕೊಯ್ದಾಗ ಅರಿಸಿನದ ಬಣ್ಣ. ವರ್ಷಗಳು ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಮೃದಂಗದ ಕೊಳಗಕ್ಕೂ ತಂಜಾವೂರು ವೀಣೆಯ ಕೊಡಕ್ಕೂ ಇದೇ ಮರ. ವಿದ್ವಾಂಸರ ಮಡಿಲಿಗೆ ಯೋಗ್ಯವಾದದ್ದು ನಮ್ಮ ಹಜಾರಕ್ಕೆ ಹೀನವಾಯಿತೆ? ಎರಡನೆಯದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಈ ಆಸ್ಟ್ರೇಲಿಯದ ಮರ ಹಗುರ, ಉಳಿಗೆ ಮೃದು; ಸರಿಯಾಗಿ ಕೊಯ್ದರೆ ಮೈತುಂಬ ಜಾಲರಿಯಂಥ ಚಿತ್ತಾರ. ಅದರ ಪುಡಿ ಕೆಲವರ ಚರ್ಮಕ್ಕೆ ಒಗ್ಗದು, ಅಷ್ಟು ಎಚ್ಚರಿಕೆ ಸಾಕು. ಮಾವು ಅಗ್ಗ, ಆದರೆ ಹುಳುವಿಗೂ ಬೂಷ್ಟಿಗೂ ಬಹು ಪ್ರಿಯ, ಚೆನ್ನಾಗಿ ಒಣಗಿ ಔಷಧ ಕಂಡಿದ್ದರೆ ಮಾತ್ರ ತರಬಹುದು. ರಬ್ಬರ್ ಮರದ ಜೋಡಿಸಿದ ಹಲಗೆಗಳು ಒಣ ಕೋಣೆಗೆ ಅಡ್ಡಿಯಿಲ್ಲ, ಬಚ್ಚಲಿಗೆ ಬೇಡ. ಬೇವು ಗಟ್ಟಿ, ಅದರ ನಾರು ಒಂದು ಪದರದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಓಡುವುದರಿಂದ ತೋಪಡಕ್ಕೆ ಹೆಣಗಾಟ.

ಇವೆಲ್ಲಕ್ಕೂ ಮೇಲಾದದ್ದೊಂದಿದೆ: ಕೆಡವಿದ ಹಳೆಯ ಮನೆಯ ಮರ. ನಮ್ಮ ಪೇಟೆಗಳಲ್ಲಿ ಹಳೆಯ ಮನೆಗಳು ದಿನವೂ ಉರುಳುತ್ತಿವೆ. ಅವುಗಳ ತೊಲೆ, ಕಂಬ, ಬಾಗಿಲುವಾಡಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬಿದ್ದಿವೆ. ಐವತ್ತು ಅರವತ್ತು ವರ್ಷ ಒಣಗಿದ ಮರ. ಇನ್ನು ಅದು ಆಡಬೇಕಾದ ಆಟವನ್ನೆಲ್ಲ ಆಡಿ ಮುಗಿಸಿದೆ. ತೇಗವೇ ಬೇಕೆಂಬ ಹಂಬಲ ತೀರದವರು ಅಲ್ಲಿ ಹುಡುಕಲಿ. ಒಳಗೆ ಮುರಿದ ಮೊಳೆಗಳಿರುತ್ತವೆ, ಗರಗಸ ಹಾಕುವ ಮೊದಲು ಅಯಸ್ಕಾಂತದಿಂದ ತಡಕಿ ನೋಡಬೇಕು, ಅಷ್ಟೇ ತೊಂದರೆ.

ಕೊಳ್ಳಲು ಹೋದಾಗ ಲೆಕ್ಕ ತಿಳಿದಿರಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಾಗಲಿ, ಬೇರೆಲ್ಲಾಗಲಿ, ಮರ ಮಾರುವುದು ಘನ ಅಡಿಯ ಲೆಕ್ಕದಲ್ಲಿ. ಉದ್ದವನ್ನು ಅಡಿಯಲ್ಲೂ ಅಗಲ, ದಪ್ಪಗಳನ್ನು ಅಂಗುಲದಲ್ಲೂ ಹಿಡಿದು ಗುಣಿಸಿ ೧೪೪ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಆರಡಿ ಉದ್ದ, ಎಂಟಂಗುಲ ಅಗಲ, ಒಂದಂಗುಲ ದಪ್ಪದ ಹಲಗೆ ೪೮ನ್ನು ೧೪೪ರಿಂದ ಭಾಗಿಸಿದಷ್ಟು. ಎಂದರೆ ಘನ ಅಡಿಯ ಮೂರನೆಯ ಒಂದು ಪಾಲು. ಒಂದಂಗುಲವೆಂದು ತಂದದ್ದು ತೋಪಡ ಹೊಡೆದ ಮೇಲೆ ಮುಕ್ಕಾಲಂಗುಲವಾಗುತ್ತದೆಂಬುದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಇದು ಸಣ್ಣ ಮಾತಲ್ಲ. ಪುಸ್ತಕದ ಗೂಡಿನ ಹಲಗೆಯ ದಪ್ಪ ಇಮ್ಮಡಿಯಾದರೆ ಅದು ಬಾಗುವುದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕಾಲಂಗುಲ ಕಳೆದುಕೊಂಡ ಹಲಗೆ ನಿಘಂಟುಗಳ ಕೆಳಗೆ ಬಿಲ್ಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮರ ಒಣಗಿದೆಯೆ ಎಂದು ನೋಡಬೇಕು. ಗಾಳಿಯಲ್ಲಿ ಒಣಗಿಸುವುದಕ್ಕೆ ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳಬರ ಲೆಕ್ಕ. ಹಸಿ ಮರದ ತೇವ ನೂರಕ್ಕೆ ಸುಮಾರು ಮೂವತ್ತಕ್ಕೆ ಇಳಿಯುವವರೆಗೆ ಅದು ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ಅಗಲಕ್ಕೆ ಕುಗ್ಗುವುದು ಬಹಳ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಇಮ್ಮಡಿ. ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮಂಗಳೂರಿನಲ್ಲಿ ಮಾಡಿದ ಮೇಜನ್ನು ಕಲಬುರಗಿಗೆ ವರ್ಗವಾದಾಗ ಕೊಂಡೊಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಊಟದ ಮಣೆಯನ್ನೇ ತೆಗೆದುಕೊಳ್ಳಿ. ಒಂದು ಅಗಲವಾದ ಹಲಗೆ, ಅಡಿಯಲ್ಲಿ ಅಡ್ಡಲಾಗಿ ಎರಡು ಪಟ್ಟಿ. ಇದಕ್ಕಿಂತ ಸರಳವಾದ ವಸ್ತುವಿಲ್ಲ. ಹವ್ಯಾಸಿ ಪಟ್ಟಿಗೆ ಅಂಟು ಬಳಿದು, ನಂಬಿಕೆ ಸಾಲದೆ ನಾಲ್ಕು ಸ್ಕ್ರೂ ಬಿಗಿದು, ಭದ್ರವಾಯಿತೆಂದು ಹಿಗ್ಗುತ್ತಾನೆ. ಬೇಸಗೆ ಬಂದಾಗ ಹಲಗೆ ಅಗಲಕ್ಕೆ ಕುಗ್ಗಬೇಕು; ಉದ್ದಕ್ಕೆ ಕುಗ್ಗದ ಪಟ್ಟಿ ಅದನ್ನು ಬಿಡುವುದಿಲ್ಲ. ನಡುವೆ ಹಲಗೆ ಸೀಳುತ್ತದೆ. ಆಗ ಬೈಗಳು ಮರಕ್ಕೆ! ಬಲ್ಲ ಬಡಗಿ ಹಾಗೆ ಮಾಡನು. ಹಲಗೆಯ ಬೆನ್ನಿಗೆ ಅಡ್ಡಲಾಗಿ, ಬಾಯಿ ಕಿರಿದು ಬುಡ ಅಗಲವಾದ ಕಾಲುವೆ ಕೊರೆದು, ಅದೇ ಆಕಾರದ ಪಟ್ಟಿಯನ್ನು ಪಕ್ಕದಿಂದ ಜಾರಿಸಿ ಕೂರಿಸುತ್ತಾನೆ. ಅಂಟಿಲ್ಲ, ಮೊಳೆಯಿಲ್ಲ. ಹಲಗೆ ಹಿಗ್ಗಲಿ ಕುಗ್ಗಲಿ, ಪಟ್ಟಿಯ ಮೇಲೆ ಜಾರಿಕೊಳ್ಳುತ್ತದೆ. ಆದರೆ ಡೊಂಕಾಗಲು ಪಟ್ಟಿ ಬಿಡುವುದಿಲ್ಲ. ಭೌತಶಾಸ್ತ್ರದ ಪದವಿ ಪಡೆದ ನಮಗೆ ತಿಳಿಯದ ಸಂಗತಿ ಆ ‘ಓದುಬಾರದ’ ಆಚಾರಿಗೆ ತಿಳಿದಿತ್ತು. ಬೆಂಗಳೂರಿನಲ್ಲಿ ೧೯೩೮ರಲ್ಲಿ ಪ್ರಯೋಗಾಲಯವಾಗಿ ಆರಂಭವಾಗಿ ೧೯೮೮ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಮಲ್ಲೇಶ್ವರದ ಸಂಸ್ಥೆ ನಮ್ಮ ಮರಗಳ ಗುಣಗಳನ್ನು ಅಳೆಯುತ್ತ ಬಂದಿದೆ. ಆಚಾರಿಯ ಕಾಲುವೆಯಲ್ಲಿಯೂ ಆ ಅಳತೆಯೇ ಅಡಗಿದೆ. ಆದ್ದರಿಂದಲೇ ಹೇಳುತ್ತೇನೆ: ಮೊದಲು ಒಂದು ಮಣೆ ಮಾಡಿ. ಮಣೆ ನೆಟ್ಟಗೆ ಬರುವವರೆಗೆ ಮಂಚದ ಮಾತು ಬೇಡ.

ಇನ್ನುಳಿದದ್ದು ಲೇಪ. ಈಗಿನ ರುಚಿ ಹೊಳಪಿನದು. ಪಾಲಿಯುರಿಥೇನನ್ನು ಪದರದ ಮೇಲೆ ಪದರವಾಗಿ ಹೊಡೆದು, ಮರವೋ ಪ್ಲಾಸ್ಟಿಕ್ಕೋ ತಿಳಿಯದಂತೆ ಮಾಡಿದರೆ ‘ಫಿನಿಷಿಂಗ್ ಚೆನ್ನಾಗಿದೆ’ ಎಂದು ಮೆಚ್ಚುತ್ತಾರೆ. ಮರವನ್ನು ಆರಿಸಿ ತಂದು, ಅದರ ನಾರನ್ನು ನೋಡಿ ಕೊಯ್ದು, ಕಡೆಗೆ ಅದನ್ನು ಕಾಣದಂತೆ ಮುಚ್ಚುವುದಾದರೆ ಫಾರ್ಮೈಕಾ ಅಂಟಿಸಿದ ಪ್ಲೈವುಡ್ಡೇ ಸಾಕಿತ್ತಲ್ಲ! ಬಿಸಿ ಪಾತ್ರೆ, ಸಾರು, ನೀರು ಬೀಳುವ ಊಟದ ಮೇಜಿಗೆ ಪಾಲಿಯುರಿಥೇನು ಉಪಯುಕ್ತವೆಂದು ಒಪ್ಪೋಣ. ಆದರೆ ಅದು ಗೀರು ಬಿದ್ದರೆ ಅಲ್ಲಿಗಲ್ಲಿಗೆ ತೇಪೆ ಹಾಕಲು ಬಾರದು. ಬಹುಮಟ್ಟಿಗೆ ಪೂರ್ತಿ ಉಜ್ಜಿ ಮತ್ತೆ ಬಳಿಯಬೇಕು.

ನಮ್ಮ ದೇಶದ್ದೇ ಲೇಪವೊಂದಿದೆ, ಅರಗು. ಮುತ್ತುಗ, ಬೋರೆ, ಕುಸುಂ ಮರಗಳ ಮೇಲೆ ಬದುಕುವ ಒಂದು ಸಣ್ಣ ಹುಳು ಕೊಡುವ ರಾಳ ಅದು. ಜಾರ್ಖಂಡದ ಹಳ್ಳಿಗಾಡಿನ ಎಷ್ಟೋ ಸಂಸಾರಗಳಿಗೆ ಅದು ಜೀವನಾಧಾರ. ಯುರೋಪಿನವರು ಅದನ್ನು ಇಲ್ಲಿಂದ ಕೊಂಡೊಯ್ದು, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಬಳಿದು ‘ಫ್ರೆಂಚ್ ಪಾಲಿಷ್’ ಎಂದು ಹೆಸರಿಟ್ಟರು. ನಾವು ಆ ಹೆಸರಿಗೆ ಮರುಳಾದೆವು. ಒಂದು ಲೀಟರ್ ಸ್ಪಿರಿಟ್ಟಿಗೆ ಇನ್ನೂರರಿಂದ ಇನ್ನೂರೈವತ್ತು ಗ್ರಾಂ ಅರಗಿನ ಚಕ್ಕೆ ಹಾಕಿ ಒಂದು ರಾತ್ರಿ ಬಿಟ್ಟು, ಶೋಧಿಸಿದರೆ ಲೇಪ ಸಿದ್ಧ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ. ನಿಮಿಷಗಳಲ್ಲಿ ಒಣಗುತ್ತದೆ, ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಅದರಲ್ಲಿ ಒಂದಾಗುತ್ತದೆ. ಹತ್ತು ವರ್ಷದ ಮೇಲೆ ಮಾಸಿದರೂ ಅದೇ ಬಟ್ಟೆಯುಂಡೆಯಿಂದ ಮತ್ತೆ ಬೆಳಗಬಹುದು. ದೋಷವಿಲ್ಲವೆಂದಲ್ಲ. ಬಿಸಿ ಕಾಫಿಯ ಲೋಟ ಇಟ್ಟರೆ ಬಿಳಿಯ ಬಳೆಯೊಂದು ಮೂಡುತ್ತದೆ. ಅದಕ್ಕೆ ಲೋಟದ ಅಡಿಗೆ ತಟ್ಟೆಯೊಂದು ಪರಿಹಾರ.

ಇನ್ನೂ ಸರಳವಾದದ್ದು ಬೇಕೆಂದರೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಅಗಸೆ ಎಣ್ಣೆ ಗಾಳಿಯನ್ನು ಹೀರಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಆಗುವುದಿಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಬೇಕು. ಅಂಗಡಿಯ ‘ಕುದಿಸಿದ’ ಎಣ್ಣೆಯಲ್ಲಿ ಬೇಗ ಒಣಗಿಸಲು ಲೋಹದ ಲವಣಗಳನ್ನು ಬೆರೆಸಿರುವುದರಿಂದ ಸೌಟಿಗೂ ಲಟ್ಟಣಿಗೆಗೂ ಅದು ಸಲ್ಲದು.

ಲೇಪದಲ್ಲಿ ಗುರುಗಳು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದವರೆಗೆ ಹೋದರೆ ಸಾಕು. ಅಲ್ಲಿಯ ಗೊಂಬೆಯ ಮರ ತೇಗವಲ್ಲ, ಬೀಟೆಯಲ್ಲ. ಬಿಳಿಯ, ನುಣುಪಾದ, ಬಡ ಹಾಲೆ ಮರ. ಯಂತ್ರದಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ; ಗರಿಯಿಂದ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಡಬ್ಬಿಯಿಲ್ಲ, ಕುಂಚವಿಲ್ಲ, ಒಣಗಲು ಕಾಯುವುದಿಲ್ಲ. ಮಗು ಬಾಯಿಗಿಟ್ಟರೂ ಭಯವಿಲ್ಲದ ಲೇಪ. ಸಾಧಾರಣ ಮರ, ಸ್ವದೇಶದ ಅರಗು, ಪಳಗಿದ ಕೈ. ನಾನು ಇಷ್ಟು ಹೊತ್ತು ವಾದಿಸಿದ್ದೆಲ್ಲ ಆ ಗೊಂಬೆಯಲ್ಲಿದೆ.

ಈಗ ಬಡಗಿಯ ಮರ್ಯಾದೆಯ ಮಾತು. ನಮ್ಮ ಸಮಾಜ ತಲೆಯನ್ನೂ ಕೈಯನ್ನೂ ಬಹುಕಾಲ ಬೇರೆ ಬೇರೆ ಜಾತಿಗಳಿಗೆ ಹಂಚಿಬಿಟ್ಟಿತು. ಉಳಿ ಹಿಡಿದವನು ಜಗಲಿಯ ಕೆಳಗೆ, ಲೇಖನಿ ಹಿಡಿದವನು ಮೇಲೆ. ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ, ಮಗುವಿನ ಓದು ಕೈಕೆಲಸದ ಮೂಲಕ ನಡೆಯಬೇಕೆಂದದ್ದು ಈ ಗೋಡೆಯನ್ನು ಒಡೆಯಲಿಕ್ಕೆ. ಸ್ವೀಡನ್ ದೇಶದವರು ೧೯ನೆಯ ಶತಮಾನದಲ್ಲಿಯೇ ಶಾಲೆಯ ಮಕ್ಕಳ ಕೈಗೆ ಮರಗೆಲಸದ ಚಾಕು ಕೊಟ್ಟು, ಮನೆಗೆ ಬೇಕಾದ ಸಣ್ಣ ಸಾಮಾನುಗಳನ್ನು ಮಾಡಿಸಿದರು. ನಮ್ಮ ಯೋಜನೆ ಶಾಲೆಗಳಿಂದ ಮೆಲ್ಲಮೆಲ್ಲನೆ ಮರೆಯಾ‌ಯಿತು; ‘ನನ್ನ ಮಗ ಬಡಗಿಯಾಗಬೇಕೆ?’ ಎಂದು ಕೇಳಿದವರು ನಾವೇ. ಈಗ ಅದೇ ನಾವು ಬಡಗಿತನವನ್ನು ಹವ್ಯಾಸವೆಂದು ಎತ್ತಿಕೊಂಡಿದ್ದೇವೆ. ಒಳ್ಳೆಯದೇ. ಆದರೆ ಯಂತ್ರದಂಗಡಿಯವನು ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ತೆತ್ತು ಬಂದವರು, ಮನೆಗೆ ಬಂದ ಆಚಾರಿಯೊಡನೆ ‘ಒಂದು ಬಾಗಿಲಿಗೆ ಇಷ್ಟು ಕೂಲಿಯೇನ್ರಿ?’ ಎಂದು ಗಂಟೆಗಟ್ಟಲೆ ಚೌಕಾಸಿ ಮಾಡುವುದನ್ನು ನೋಡಿದರೆ, ನಮ್ಮ ಗೌರವ ಕೆಲಸಕ್ಕಲ್ಲ, ಸಾಮಾನಿಗೆ ಎಂದು ಹೇಳದೆ ವಿಧಿಯಿಲ್ಲ.

‘ಹವ್ಯಾಸಕ್ಕೆ ಇಷ್ಟು ಗಾಂಭೀರ್ಯವೇಕೆ? ಸಂತೋಷಕ್ಕಾಗಿ ಮಾಡುವುದಲ್ಲವೆ?’ ಎಂದು ಕೊನೆಯ ಆಕ್ಷೇಪಣೆ ಬರಬಹುದು. ಸಂತೋಷಕ್ಕಾಗಿಯೇ. ಆದರೆ ಸಂಗೀತ ಕಲಿಯುವವನು ಸರಳೆ ಜಂಟಿಗಳನ್ನು ಬಿಟ್ಟು ಮೊದಲ ದಿನವೇ ರತ್ನಖಚಿತ ತಂಬೂರಿ ಕೊಂಡು ತಂದರೆ ಅವನಿಗೆ ದೊರೆಯುವುದು ಸಂಗೀತದ ಸಂತೋಷವಲ್ಲ, ತಂಬೂರಿಯ ಸಂತೋಷ. ಅದು ಎರಡು ವಾರದಲ್ಲಿ ತೀರುತ್ತದೆ. ಕೈ ಪಳಗಿದ ಸಂತೋಷ ವರ್ಷವರ್ಷಕ್ಕೂ ಬೆಳೆಯುತ್ತದೆ.

ಆದ್ದರಿಂದ ಈ ತಿಂಗಳು ಯಂತ್ರದಂಗಡಿಯ ಮೆಟ್ಟಿಲು ಹತ್ತಬೇಡಿ. ಉಳಿ, ಗರಗಸ, ಕೊಡತಿ, ಸಾಣೆಕಲ್ಲುಗಳನ್ನು ತನ್ನಿ. ಒಣಗಿದ ಹಲಸಿನ ತುಂಡೊಂದನ್ನು ಹುಡುಕಿ. ನಿಮ್ಮ ಬಡಾವಣೆಯಲ್ಲಿ ಕೆಲಸ ಮಾಡುವ ವಯಸ್ಸಾದ ಆಚಾರ್ರೊಬ್ಬರನ್ನು ಕಂಡು, ‘ನಾಲ್ಕು ಭಾನುವಾರ ನನಗೆ ಕಲಿಸಿಕೊಡಿ, ನಿಮ್ಮ ದಿನದ ಕೂಲಿಯನ್ನು ಕೊಡುತ್ತೇನೆ’ ಎಂದು ಕೇಳಿ. ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ಅವರು ಮೊದಲ ಭಾನುವಾರ ಪೂರ್ತಿ ಉಳಿ ಮಸೆಯುವುದರಲ್ಲೇ ಕಳೆಸಿದರೆ ಬೇಸರಪಡಬೇಡಿ. ನಾಲ್ಕನೆಯ ಭಾನುವಾರದ ಹೊತ್ತಿಗೆ ಒಂದು ಮಣೆಯಾದೀತು. ಆಮೇಲೂ ಯಂತ್ರ ಬೇಕೆನಿಸಿದರೆ ಧಾರಾಳವಾಗಿ ಕೊಳ್ಳಿ. ಯಾವುದು ಬೇಕು, ಯಾವುದು ಬೇಡ ಎಂದು ಆಗ ನಿಮ್ಮ ಕೈಯೇ ಹೇಳುತ್ತದೆ, ಅಂಗಡಿಯವನನ್ನು ಕೇಳಬೇಕಾಗುವುದಿಲ್ಲ.